ಅಮೆರಿಕದ ಹಳೆಯ ತೀರ್ಪೊಂದನ್ನು ಬುಡದಿಂದ ಓದುವುದು ಹೇಗೆ?

ಕಾನೂನು ಅಥವಾ ಇತಿಹಾಸ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ನೂರು ವರ್ಷ ಹಳೆಯ ಅಮೆರಿಕನ್ ಮೊಕದ್ದಮೆಯೊಂದರ ಬಗ್ಗೆ ಪ್ರಬಂಧ ಬರೆಯಬೇಕು, ಎಲ್ಲಿಂದ ಶುರು ಮಾಡಲಿ? ಅಂತರ್ಜಾಲದಲ್ಲಿ ಹುಡುಕಿದರೆ ಎರಡು ಪ್ಯಾರಾದ ಸಾರಾಂಶ ಹತ್ತು ಕಡೆ ಸಿಗುತ್ತದೆ. ಹೆಚ್ಚಿನವು ಒಂದನ್ನೊಂದು ನೋಡಿ ಬರೆದವು. ಒಂದರಲ್ಲಿ ತಪ್ಪಿದ್ದರೆ ಉಳಿದವುಗಳಲ್ಲೂ ಅದೇ ತಪ್ಪು. ಮೂಲವನ್ನೇ ಓದುವುದು ಅಷ್ಟೇನೂ ಕಷ್ಟವಲ್ಲ, ಬಹುಪಾಲು ಉಚಿತವೂ ಹೌದು. ಆದರೆ ಒಂದು ಮಾತು ಮೊದಲೇ ತಿಳಿದಿರಬೇಕು. ಅಚ್ಚಾದ ತೀರ್ಪು ಮೊಕದ್ದಮೆಯ ನಡುಭಾಗ ಮಾತ್ರ. ಅದಕ್ಕೆ ಹಿಂದಿನ ಕಾಗದಪತ್ರಗಳು, ಮುಂದಿನ ಪರಿಣಾಮಗಳು ಎರಡೂ ಸೇರಿದರೇ ಅದು ಕಾನೂನಿನ ಇತಿಹಾಸವಾಗುವುದು.

ವಿವರಣೆಗೆ ಒಂದೇ ಮೊಕದ್ದಮೆಯನ್ನು ಕೊನೆಯವರೆಗೆ ಹಿಡಿದುಕೊಳ್ಳೋಣ: ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ಭಗತ್ ಸಿಂಗ್ ಥಿಂದ್. 1923ರ ಫೆಬ್ರವರಿ 19ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ಇದನ್ನು. ಭಾರತೀಯರು ‘ಬಿಳಿಯ ವ್ಯಕ್ತಿಗಳು’ ಅಲ್ಲ, ಆದ್ದರಿಂದ ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲ ಎಂದು ಹೇಳಿದ ತೀರ್ಪು. ಮೊದಲ ಎಚ್ಚರಿಕೆಯೂ ಇಲ್ಲೇ ಇದೆ. ಈ ಥಿಂದ್ ಪಂಜಾಬಿನಿಂದ 1913ರಲ್ಲಿ ಅಮೆರಿಕಕ್ಕೆ ಹೋದವರು. ಹುತಾತ್ಮ ಭಗತ್ ಸಿಂಗ್ ಬೇರೆ. ಹುಡುಕುವಾಗ ಕುಲನಾಮ ಬಿಟ್ಟರೆ ಫಲಿತಾಂಶಗಳೆಲ್ಲ ಕಲಸಿಹೋಗುತ್ತವೆ.

ಬೇಕಾಗುವುದು

ಇಂಟರ್ನೆಟ್ ಇರುವ ಕಂಪ್ಯೂಟರ್, ಒಂದು ದಪ್ಪ ನೋಟ್‌ಪುಸ್ತಕ, ಹಳೆಯ ಇಂಗ್ಲಿಷ್ ಓದುವ ತಾಳ್ಮೆ. ಕಾನೂನು ಪದಕೋಶ ಹತ್ತಿರವಿರಲಿ. ಮೊದಲ ಐದು ಹಂತಗಳಿಗೆ ಹಣ ಖರ್ಚಿಲ್ಲ. ಆರನೆಯದಕ್ಕೆ ಪ್ರತಿ ಮಾಡಿಸುವ ಶುಲ್ಕ ಬೀಳಬಹುದು.

ಹಂತ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

‘ಥಿಂದ್ ಮೊಕದ್ದಮೆಯ ಬಗ್ಗೆ’ ಎನ್ನುವುದು ವಿಷಯ, ಪ್ರಶ್ನೆಯಲ್ಲ. ‘ಮೂರು ತಿಂಗಳ ಹಿಂದೆಯಷ್ಟೇ ಬಿಳಿಯರೆಂದರೆ ಕಕೇಷಿಯನ್ನರು ಎಂದಿದ್ದ ನ್ಯಾಯಾಲಯ ಇಲ್ಲಿ ಯಾಕೆ ಮಾತು ಬದಲಿಸಿತು?’ ಎನ್ನುವುದು ಪ್ರಶ್ನೆ (‘ಕಕೇಷಿಯನ್’ ಎಂಬುದು ಆ ಕಾಲದ ಜನಾಂಗಶಾಸ್ತ್ರ ಮಾಡಿದ್ದ ಒಂದು ವಿಂಗಡಣೆ). ಪ್ರಶ್ನೆ ಇದ್ದರೆ ಯಾವ ಕಾಗದ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹಂತ 2: ಉಲ್ಲೇಖವನ್ನು ಬಿಡಿಸಿ ಓದಿ

ಥಿಂದ್ ತೀರ್ಪಿನ ಉಲ್ಲೇಖ ಹೀಗಿದೆ: 261 ಯು.ಎಸ್. 204 (1923). ಮೊದಲ ಅಂಕಿ ಸಂಪುಟ, ನಡುವಿನದು ವರದಿಮಾಲೆಯ ಹೆಸರಿನ ಹ್ರಸ್ವರೂಪ, ಕೊನೆಯದು ತೀರ್ಪು ಶುರುವಾಗುವ ಪುಟ, ಆವರಣದಲ್ಲಿ ವರ್ಷ. ವರದಿಮಾಲೆ ಎಂದರೆ ತೀರ್ಪುಗಳನ್ನು ಸಾಲಾಗಿ ಅಚ್ಚು ಹಾಕುವ ಸಂಪುಟಗಳು. ನಮ್ಮಲ್ಲಿನ ಎಐಆರ್, ಐಎಲ್‌ಆರ್ ಇದ್ದ ಹಾಗೆ.

ತೊಡಕು ಬರುವುದು ಇನ್ನೂ ಹಳೆಯ ತೀರ್ಪುಗಳಲ್ಲಿ. ಸುಪ್ರೀಂ ಕೋರ್ಟಿನ ಮೊದಲ 90 ಸಂಪುಟಗಳನ್ನು ವರದಿಗಾರರ ಹೆಸರಿನಿಂದಲೇ ಕರೆಯುತ್ತಿದ್ದರು: ಡಲ್ಲಾಸ್, ಕ್ರಾಂಚ್, ವೀಟನ್, ಪೀಟರ್ಸ್, ಹೋವರ್ಡ್, ಬ್ಲ್ಯಾಕ್, ವಾಲೆಸ್. ಹಾಗಾಗಿ 1857ರ ಡ್ರೆಡ್ ಸ್ಕಾಟ್ ತೀರ್ಪನ್ನು ಹಳೆಯ ಗ್ರಂಥಗಳು ‘19 ಹೋವರ್ಡ್ 393’ ಎನ್ನುತ್ತವೆ, ಈಗಿನವು ‘60 ಯು.ಎಸ್. 393’ ಎನ್ನುತ್ತವೆ. ಎರಡೂ ಒಂದೇ. ಇದು ತಿಳಿಯದೆ ಒಂದನ್ನೇ ಎರಡು ತೀರ್ಪೆಂದು ಎಣಿಸುವವರಿದ್ದಾರೆ.

ಕೆಳಗಿನ ಫೆಡರಲ್ ನ್ಯಾಯಾಲಯಗಳಿಗೆ (ರಾಜ್ಯಗಳ ನ್ಯಾಯಾಲಯಗಳಲ್ಲ, ಕೇಂದ್ರ ಸರ್ಕಾರದವು) ಬೇರೆ ಮಾಲೆಗಳಿವೆ. 1880ಕ್ಕೆ ಮುಂಚಿನವನ್ನು ‘ಫೆಡರಲ್ ಕೇಸಸ್’ ಎಂಬ 30 ಸಂಪುಟಗಳಲ್ಲಿ ಕಾಲಾನುಕ್ರಮದ ಬದಲು ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದಾರೆ. ಆಮೇಲಿನವು ‘ಫೆಡರಲ್ ರಿಪೋರ್ಟರ್’ನಲ್ಲಿ ಬರುತ್ತವೆ. ಒರೆಗಾನ್ ಜಿಲ್ಲಾ ನ್ಯಾಯಾಲಯ ಥಿಂದ್ ಪರವಾಗಿ 1920ರಲ್ಲಿ ಕೊಟ್ಟ ತೀರ್ಪು ಇರುವುದು 268 ಎಫ್. 683ರಲ್ಲಿ.

ಹಂತ 3: ಪಠ್ಯವನ್ನು ತಂದುಕೊಳ್ಳಿ

ಸುಪ್ರೀಂ ಕೋರ್ಟಿನ ಹಳೆಯ ಸಂಪುಟಗಳ ಪುಟಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಪಿಡಿಎಫ್ ಆಗಿ ಉಚಿತವಾಗಿ ಇಟ್ಟಿದೆ. ಮೊದಲು ಅಲ್ಲಿಗೇ ಹೋಗಿ. ಅಚ್ಚಾದ ಪುಟ ಹೇಗಿತ್ತೋ ಹಾಗೇ ಕಾಣುತ್ತದೆ, ಪುಟಸಂಖ್ಯೆ ತಪ್ಪುವುದಿಲ್ಲ. ಕೆಳಗಿನ ನ್ಯಾಯಾಲಯಗಳ ತೀರ್ಪಿಗೆ ಹಾರ್ವರ್ಡ್ ಲಾ ಸ್ಕೂಲ್ ಗ್ರಂಥಾಲಯದ ಕೇಸ್‌ಲಾ ಆಕ್ಸೆಸ್ ಪ್ರಾಜೆಕ್ಟ್ ನೋಡಿ. ತನ್ನ ಕಪಾಟಿನ ವರದಿ ಸಂಪುಟಗಳ ಸುಮಾರು 4 ಕೋಟಿ ಪುಟಗಳನ್ನು ಸ್ಕ್ಯಾನ್ ಮಾಡಿ ಅದು ಸಾರ್ವಜನಿಕರಿಗೆ ತೆರೆದಿದೆ. ಕೋರ್ಟ್‌ಲಿಸನರ್ ಎಂಬ ಉಚಿತ ತಾಣದಲ್ಲೂ ಉಲ್ಲೇಖ ಟೈಪ್ ಮಾಡಿದರೆ ಸಾಕು.

ಇಲ್ಲಿ ಆಗುವ ತಪ್ಪುಗಳು ಮೂರು.

ಒಂದು, ಗೂಗಲ್ ಸ್ಕಾಲರ್‌ನಲ್ಲಿ ಸಿಗಲಿಲ್ಲವೆಂದು ಕೈಬಿಡುವುದು. ಅಲ್ಲಿ ಫೆಡರಲ್ ಜಿಲ್ಲಾ ಮತ್ತು ಮೇಲ್ಮನವಿ ನ್ಯಾಯಾಲಯಗಳ ತೀರ್ಪುಗಳು 1923ರಿಂದೀಚಿನವು. 1920ರ ಒರೆಗಾನ್ ತೀರ್ಪನ್ನು ಅಲ್ಲಿ ಹುಡುಕಿ ‘ಇಲ್ಲ’ ಎಂದು ತೀರ್ಮಾನಿಸಬೇಡಿ.

ಎರಡು, ಪೇಸರ್ ಎಂಬ ಸರ್ಕಾರಿ ಕಡತ ವ್ಯವಸ್ಥೆಗೆ ದುಡ್ಡು ಕಟ್ಟುವುದು. ಅದು ಇತ್ತೀಚಿನ ದಶಕಗಳ ಮೊಕದ್ದಮೆಗಳಿಗೆ. 1920ರ ದಶಕದ ಕಡತ ಅಲ್ಲಿ ಇರುವುದಿಲ್ಲ.

ಮೂರು, ಪುಟಸಂಖ್ಯೆ ಇಲ್ಲದ ಪಠ್ಯವನ್ನು ನಕಲಿಸುವುದು. ಒಳ್ಳೆಯ ತಾಣಗಳು ಪಠ್ಯದ ನಡುನಡುವೆ ನಕ್ಷತ್ರ ಚಿಹ್ನೆಯೊಂದಿಗೆ ಮೂಲದ ಪುಟಸಂಖ್ಯೆ ಹಾಕಿರುತ್ತವೆ. ಆ ಅಂಕಿಯನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳದಿದ್ದರೆ ಕೊನೆಗೆ ಎಲ್ಲವನ್ನೂ ಮತ್ತೆ ಹುಡುಕಬೇಕಾಗುತ್ತದೆ.

ಹಂತ 4: ತೀರ್ಪನ್ನು ಭಾಗ ಮಾಡಿಕೊಂಡು ಓದಿ

ಇಡೀ ಕೆಲಸದ ಜೀವಾಳ ಈ ಹಂತ. ಆತುರ ಬೇಡ. ಥಿಂದ್ ತೀರ್ಪು 204ರಿಂದ 215ರವರೆಗೆ, ಬರೀ 12 ಪುಟ. ಒಮ್ಮೆ ಪೂರ್ತಿ ಓದಿ, ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿ.

ಶುರುವಿನಲ್ಲಿ ಸಣ್ಣ ಅಕ್ಷರದ ಸಾರಾಂಶ ಇರುತ್ತದೆ. ಇದಕ್ಕೆ ಸಿಲಬಸ್ ಅಥವಾ ಹೆಡ್‌ನೋಟ್ ಎನ್ನುತ್ತಾರೆ. ಇದನ್ನು ಬರೆದದ್ದು ನ್ಯಾಯಮೂರ್ತಿಯಲ್ಲ, ವರದಿಗಾರ. 1906ರ ಡೆಟ್ರಾಯ್ಟ್ ಟಿಂಬರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೆಡ್‌ನೋಟು ನ್ಯಾಯಾಲಯದ ಮಾತಲ್ಲ ಎಂದು ಸ್ಪಷ್ಟಪಡಿಸಿದೆ. ಅದನ್ನು ಉದ್ಧರಿಸಿ ‘ನ್ಯಾಯಾಲಯ ಹೇಳಿತು’ ಎಂದು ಬರೆಯಬೇಡಿ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಆಮೇಲೆ ಮೊಕದ್ದಮೆ ಹೇಗೆ ಮೇಲೆ ಬಂತು ಎಂಬ ವಿವರ. ಇದನ್ನು ಹಾರಿಸಿ ಓದುವವರೇ ಹೆಚ್ಚು, ಆದರೆ ಬೀಗದ ಕೈ ಇರುವುದು ಇಲ್ಲಿ. ಥಿಂದ್‌ಗೆ ಒರೆಗಾನ್ ಜಿಲ್ಲಾ ನ್ಯಾಯಾಲಯ ಪೌರತ್ವದ ಪ್ರಮಾಣಪತ್ರ ಕೊಟ್ಟಿತು. ಸರ್ಕಾರ ಅದನ್ನು ರದ್ದು ಮಾಡಬೇಕೆಂದು ಬೇರೆಯೇ ದಾವೆ ಹೂಡಿತು. ಜಿಲ್ಲಾ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಅಂದರೆ ಇಲ್ಲಿ ಎರಡು ಕಾನೂನು ಕ್ರಮಗಳಿವೆ: ಥಿಂದ್ ಹಾಕಿದ ಪೌರತ್ವದ ಅರ್ಜಿ ಒಂದು, ಸರ್ಕಾರ ಹೂಡಿದ ರದ್ದತಿಯ ದಾವೆ ಇನ್ನೊಂದು. ಮೊಕದ್ದಮೆಯ ಹೆಸರಿನಲ್ಲಿ ಸರ್ಕಾರದ ಹೆಸರು ಮೊದಲು ಬಂದಿರುವುದು ಇದೇ ಕಾರಣಕ್ಕೆ. ‘ಥಿಂದ್ ಸುಪ್ರೀಂ ಕೋರ್ಟಿಗೆ ಹೋದರು’ ಎಂದು ಬರೆದರೆ ತಪ್ಪು. ಅವರನ್ನು ಅಲ್ಲಿಗೆ ಎಳೆದದ್ದು ಸರ್ಕಾರ.

ಒಂಬತ್ತನೇ ಸರ್ಕ್ಯೂಟಿನ (ಒರೆಗಾನ್ ಸೇರಿದ ಫೆಡರಲ್ ಮೇಲ್ಮನವಿ ವಲಯದ) ಮೇಲ್ಮನವಿ ನ್ಯಾಯಾಲಯ ಈ ಮೊಕದ್ದಮೆಯನ್ನು ತಾನೇ ತೀರ್ಮಾನಿಸಲಿಲ್ಲ. ಎರಡು ಪ್ರಶ್ನೆಗಳನ್ನು ಬರೆದು ಸುಪ್ರೀಂ ಕೋರ್ಟಿಗೆ ಕಳಿಸಿತು. ಇದಕ್ಕೆ ‘ಸರ್ಟಿಫೈಡ್ ಕ್ವೆಶ್ಚನ್’ ಎನ್ನುತ್ತಾರೆ: ಉತ್ತರ ಹೇಳಿಕೊಡಿ ಎಂದು ಕೆಳಗಿನ ನ್ಯಾಯಾಲಯ ಮೇಲಿನದನ್ನು ಕೇಳುವ ಕ್ರಮ. ಮೊದಲ ಪ್ರಶ್ನೆ: ಪಂಜಾಬಿನ ಅಮೃತಸರದಲ್ಲಿ ಹುಟ್ಟಿದ, ಪೂರ್ಣ ಭಾರತೀಯ ರಕ್ತದ, ಮೇಲ್ಜಾತಿಯ ಹಿಂದೂ ಬಿಳಿಯ ವ್ಯಕ್ತಿಯೇ? ಎರಡನೆಯದು: 1917ರ ವಲಸೆ ಕಾಯ್ದೆ ಬರುವ ಮೊದಲೇ ಕಾನೂನುಬದ್ಧವಾಗಿ ದೇಶದೊಳಗೆ ಬಂದ ಹಿಂದೂಗಳಿಗೆ ಆ ಕಾಯ್ದೆ ಪೌರತ್ವವನ್ನೂ ತಪ್ಪಿಸುತ್ತದೆಯೇ?

ಇನ್ನು ತೀರ್ಪಿನ ತಿರುಳನ್ನು ಬೇರ್ಪಡಿಸಿ. ತೀರ್ಮಾನಕ್ಕೆ ಅನಿವಾರ್ಯವಾದ ಮಾತು ‘ಹೋಲ್ಡಿಂಗ್’. ಅದು ಮುಂದಿನ ಮೊಕದ್ದಮೆಗಳನ್ನು ಕಟ್ಟಿಹಾಕುತ್ತದೆ. ಹೋಗುತ್ತಾ ಹೇಳಿದ, ತೀರ್ಮಾನಕ್ಕೆ ಬೇಕಿಲ್ಲದ ಮಾತು ‘ಡಿಕ್ಟಮ್’. ಅದಕ್ಕೆ ಆ ಬಲವಿಲ್ಲ. ಥಿಂದ್ ತೀರ್ಪಿನ ಕೊನೆಯನ್ನು ಹತ್ತಿರದಿಂದ ನೋಡಿ. 214–215ನೇ ಪುಟಗಳಲ್ಲಿ ನ್ಯಾಯಮೂರ್ತಿ ಸದರ್‌ಲ್ಯಾಂಡ್ ‘ಸ್ವತಂತ್ರ ಬಿಳಿಯ ವ್ಯಕ್ತಿಗಳು’ ಎನ್ನುವುದು ಆಡುಮಾತಿನ ಪದ, ಸಾಮಾನ್ಯ ಮನುಷ್ಯ ತಿಳಿಯುವ ಅರ್ಥದಲ್ಲೇ ಅದನ್ನು ಹಿಡಿಯಬೇಕು ಎನ್ನುತ್ತಾರೆ. ಇದು ಹೋಲ್ಡಿಂಗ್. ಅದರ ಹಿಂದೆಯೇ 1917ರ ಕಾಯ್ದೆಯ ಪ್ರಸ್ತಾಪ ಬರುತ್ತದೆ: ವಲಸೆಯನ್ನೇ ತಡೆದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಪೌರತ್ವ ಕೊಡಲು ಒಪ್ಪುವ ಸಂಭವವಿಲ್ಲ ಎಂಬ ಧಾಟಿಯಲ್ಲಿ. ಆದರೆ ಮೊದಲ ಪ್ರಶ್ನೆಗೆ ‘ಅಲ್ಲ’ ಎಂದ ಮೇಲೆ ಎರಡನೆಯದಕ್ಕೆ ಉತ್ತರ ಬೇಕಿಲ್ಲ ಎಂದು ನ್ಯಾಯಾಲಯವೇ ಮುಗಿಸಿದೆ. ಹಾಗಾಗಿ ‘1917ರ ಕಾಯ್ದೆಯಡಿ ಥಿಂದ್ ಪೌರತ್ವ ಹೋಯಿತು’ ಎಂಬ ವಾಕ್ಯ ಎಲ್ಲಿ ಕಂಡರೂ, ಬರೆದವರು ಕೊನೆಯ ಪುಟವನ್ನು ಓದಿಲ್ಲ ಎಂದು ತಿಳಿಯಿರಿ.

ಜೊತೆಗೆ ಓದಲೇಬೇಕಾದ ತೀರ್ಪು ಒಜಾವಾ, 260 ಯು.ಎಸ್. 178. 1922ರ ನವೆಂಬರ್ 13ರದು. ಬರೆದವರು ಅದೇ ಸದರ್‌ಲ್ಯಾಂಡ್. ಜಪಾನಿನ ಒಜಾವಾ ಕಕೇಷಿಯನ್ ಅಲ್ಲ, ಆದ್ದರಿಂದ ಬಿಳಿಯನಲ್ಲ ಎಂದಿತು ಅದು. ಹಾಗಾದರೆ ಆ ಕಾಲದ ಮಾನವಶಾಸ್ತ್ರ ಕಕೇಷಿಯನ್ ಗುಂಪಿಗೆ ಸೇರಿಸಿದ್ದ ಭಾರತೀಯ ಬಿಳಿಯನಾಗಬೇಕಲ್ಲ? ಥಿಂದ್ ಪರ ವಾದ ನಿಂತಿದ್ದು ಇದರ ಮೇಲೆ. ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಹಂತ 1ರಲ್ಲಿ ಬರೆದುಕೊಂಡ ಪ್ರಶ್ನೆಗೆ ಅರ್ಥ ಬರುತ್ತದೆ.

ಭಿನ್ನಮತ ಇದ್ದರೆ ಅದನ್ನೂ ಓದಬೇಕು. ಇಲ್ಲಿ ಇಲ್ಲ, ತೀರ್ಪು ಸರ್ವಾನುಮತದ್ದು.

ಹಂತ 5: ಕಾಯ್ದೆಯ ಮೂಲಪಠ್ಯ ನೋಡಿ

ತೀರ್ಪು ಕಾಯ್ದೆಯನ್ನು ತುಂಡು ತುಂಡಾಗಿ ಉಲ್ಲೇಖಿಸುತ್ತದೆ. ಪೂರ್ತಿ ಪಠ್ಯ ಇರುವುದು ‘ಸ್ಟ್ಯಾಚ್ಯೂಟ್ಸ್ ಅಟ್ ಲಾರ್ಜ್’ನಲ್ಲಿ, ಅಂದರೆ ಕಾಂಗ್ರೆಸ್ ಮಾಡಿದ ಕಾಯ್ದೆಗಳನ್ನು ಕಾಲಾನುಕ್ರಮದಲ್ಲಿ ಅಚ್ಚು ಹಾಕುವ ಸಂಪುಟಗಳಲ್ಲಿ. ಇದೂ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಉಚಿತ. ಈ ಮೊಕದ್ದಮೆಗೆ ಬೇಕಾದವು ಇವು: ‘ಸ್ವತಂತ್ರ ಬಿಳಿಯ ವ್ಯಕ್ತಿ’ಗೆ ಮಾತ್ರ ಪೌರತ್ವ ಎಂದ 1790ರ ಕಾಯ್ದೆ (1 ಸ್ಟ್ಯಾಟ್. 103), ಆಫ್ರಿಕಾದಲ್ಲಿ ಹುಟ್ಟಿದವರು ಮತ್ತು ಆಫ್ರಿಕನ್ ವಂಶಸ್ಥರನ್ನು ಸೇರಿಸಿದ 1870ರ ಕಾಯ್ದೆ (16 ಸ್ಟ್ಯಾಟ್. 254), ಅರ್ಜಿಯ ವಿಧಾನವನ್ನೂ ಪ್ರಮಾಣಪತ್ರ ರದ್ದು ಮಾಡುವ ಅಧಿಕಾರವನ್ನೂ ಗೊತ್ತುಪಡಿಸಿದ 1906ರ ಕಾಯ್ದೆ (34 ಸ್ಟ್ಯಾಟ್. 596), 1917ರ ವಲಸೆ ಕಾಯ್ದೆ (39 ಸ್ಟ್ಯಾಟ್. 874).

ಆ ವರ್ಷ ಜಾರಿಯಲ್ಲಿದ್ದ ರೂಪವನ್ನೇ ಓದಿ. ಇಂದಿನ ಸಂಹಿತೆ ತೆರೆದು 1923ರ ತೀರ್ಪಿಗೆ ಹೊಂದಿಸಲು ಹೋದರೆ ಯಾವ ಕಲಮೂ ತಾಳೆಯಾಗುವುದಿಲ್ಲ. ತೀರ್ಪು ಹೇಳುವ ‘ಕಲಂ 2169’ ಇರುವುದು ರಿವೈಸ್ಡ್ ಸ್ಟ್ಯಾಚ್ಯೂಟ್ಸ್ ಎಂಬ 1870ರ ದಶಕದ ಕ್ರೋಡೀಕರಣದಲ್ಲಿ.

ಹಂತ 6: ಮೆಟ್ಟಿಲಿಳಿದು ಕಡತಕ್ಕೆ ಹೋಗಿ

ಮೊದಲು 268 ಎಫ್. 683 ಓದಿ. ನ್ಯಾಯಾಧೀಶ ಚಾರ್ಲ್ಸ್ ವುಲ್ವರ್ಟನ್ ಬರೆದ ಈ ತೀರ್ಪಿನಲ್ಲಿ ಗದರ್ ಚಳವಳಿಯವರೊಂದಿಗೆ ಥಿಂದ್ ಅವರಿಗಿದ್ದ ಒಡನಾಟ ಚರ್ಚೆಗೆ ಬಂದಿದೆ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಮೆರಿಕದ ಪಶ್ಚಿಮ ಕರಾವಳಿಯ ಭಾರತೀಯರು ಕಟ್ಟಿದ್ದ ಸಂಘಟನೆ ಅದು. ಅದನ್ನೆಲ್ಲ ತೂಗಿ ನೋಡಿ ನ್ಯಾಯಾಧೀಶರು ಅರ್ಜಿ ಒಪ್ಪಿದರು. ಸುಪ್ರೀಂ ಕೋರ್ಟಿನ 12 ಪುಟಗಳಲ್ಲಿ ಈ ರಾಜಕೀಯದ ಸುಳಿವೇ ಇಲ್ಲ. ಉಳಿದದ್ದು ಬಣ್ಣ ಮತ್ತು ಜನಾಂಗದ ಪ್ರಶ್ನೆ ಮಾತ್ರ. ಮೇಲಿನ ನ್ಯಾಯಾಲಯದ ತೀರ್ಪನ್ನಷ್ಟೇ ಓದಿದವರಿಗೆ ಮೊಕದ್ದಮೆಯ ಅರ್ಧ ತಿಳಿಯುವುದೇ ಇಲ್ಲ.

ವರದಿಮಾಲೆಯಲ್ಲಿ ಅಚ್ಚಾಗದ ಆದೇಶಗಳೂ ಇರುತ್ತವೆ. ಥಿಂದ್‌ಗೆ 1918ರ ಡಿಸೆಂಬರ್‌ನಲ್ಲಿ, ಸೇನೆಯಲ್ಲಿದ್ದಾಗಲೇ, ಒಮ್ಮೆ ಪೌರತ್ವ ಸಿಕ್ಕಿತ್ತು. ನಾಲ್ಕೇ ದಿನಕ್ಕೆ ಅದನ್ನು ಹಿಂತೆಗೆದುಕೊಂಡರು. ಇಂಥವಕ್ಕೆ ಮೂಲ ಕಡತವೇ ಬೇಕು.

ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ‘ರೆಕಾರ್ಡ್ ಗ್ರೂಪ್’ ಎಂಬ ವಿಂಗಡಣೆಯಲ್ಲಿವೆ. ಜಿಲ್ಲಾ ನ್ಯಾಯಾಲಯಗಳದ್ದು ಗ್ರೂಪ್ 21, ಮೇಲ್ಮನವಿ ನ್ಯಾಯಾಲಯಗಳದ್ದು 276, ಸುಪ್ರೀಂ ಕೋರ್ಟಿನದು 267, ವಲಸೆ ಮತ್ತು ಪೌರತ್ವ ಇಲಾಖೆಯದ್ದು 85. ಒರೆಗಾನಿನ ಫೆಡರಲ್ ಕಡತಗಳಿಗೆ ಸಿಯಾಟಲ್ ಶಾಖೆ, ಒಂಬತ್ತನೇ ಸರ್ಕ್ಯೂಟಿನವಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸ್ಯಾನ್ ಬ್ರೂನೋ ಶಾಖೆ. ಮೈಸೂರಿನಲ್ಲೋ ಧಾರವಾಡದಲ್ಲೋ ಕೂತು ಇಮೇಲ್ ಬರೆದರೂ ಆಗುತ್ತದೆ. ಆದರೆ ಪತ್ರದಲ್ಲಿ ನಾಲ್ಕು ವಿವರ ಇರಲೇಬೇಕು: ನ್ಯಾಯಾಲಯದ ಪೂರ್ಣ ಹೆಸರು, ಎರಡೂ ಕಕ್ಷಿಗಳ ಹೆಸರು, ವರ್ಷ, ಮೊಕದ್ದಮೆಯ ಸಂಖ್ಯೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಹಾಗೆಂದೇ ಬರೆಯಿರಿ, ಊಹಿಸಿ ಹಾಕಬೇಡಿ. ಸುಪ್ರೀಂ ಕೋರ್ಟಿನಲ್ಲಿ ಇದರ ಸಂಖ್ಯೆ 202. ಕೆಳಗಿನ ನ್ಯಾಯಾಲಯದಲ್ಲಿ ಅರ್ಜಿಗೊಂದು, ದಾವೆಗೊಂದು ಸಂಖ್ಯೆ ಬೇರೆಯೇ ಇರುತ್ತದೆ. ಒಂದರ ಸಂಖ್ಯೆ ಕೊಟ್ಟು ಇನ್ನೊಂದನ್ನು ಕೇಳಿದರೆ ತಪ್ಪು ಕಡತ ಬರುತ್ತದೆ, ಇಲ್ಲವೇ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ.

ವಕೀಲರು ಸಲ್ಲಿಸಿದ ಲಿಖಿತ ವಾದಪತ್ರಕ್ಕೆ ‘ಬ್ರೀಫ್’ ಎನ್ನುತ್ತಾರೆ. 1832ರಿಂದ 1978ರವರೆಗಿನ ಸುಪ್ರೀಂ ಕೋರ್ಟ್ ವಾದಪತ್ರಗಳ ಡಿಜಿಟಲ್ ಸಂಗ್ರಹ ಚಂದಾ ಡೇಟಾಬೇಸ್ ಆಗಿ ಇದೆ. ನಿಮ್ಮ ಕಾನೂನು ಕಾಲೇಜಿನ ಗ್ರಂಥಪಾಲಕರನ್ನು ವಿಚಾರಿಸಿ. ಥಿಂದ್ ಪರ ವಾದಪತ್ರವನ್ನು ಓದಲೇಬೇಕು, ಓದುವಾಗ ಇರುಸುಮುರುಸಾದರೂ ಸರಿ. ಜಾತಿಪದ್ಧತಿ ರಕ್ತ ಬೆರೆಯದಂತೆ ಕಾಪಾಡಿದೆ, ಆದ್ದರಿಂದ ಮೇಲ್ಜಾತಿಯವರು ಶುದ್ಧ ಆರ್ಯರು ಎಂಬುದೇ ಅದರ ಹೂರಣ. ವರ್ಣಭೇದದ ಗೋಡೆ ಕೆಡವಿ ಎಂದು ಕೇಳದೆ, ನಮ್ಮನ್ನು ಆ ಗೋಡೆಯೊಳಗೆ ಸೇರಿಸಿಕೊಳ್ಳಿ ಎಂದು ಕೇಳಿದ ವಾದ ಅದು. ಕನ್ನಡದಲ್ಲಿ ಬರೆಯುವವರು ಈ ಭಾಗವನ್ನು ಮುಚ್ಚಿಟ್ಟು ಥಿಂದ್ ಅವರನ್ನು ಬರೀ ಸಂತ್ರಸ್ತರೆಂದು ಚಿತ್ರಿಸಿದರೆ ಅದು ಇತಿಹಾಸಕ್ಕೆ ಮಾಡುವ ಮೋಸ.

ಹಂತ 7: ಪತ್ರಿಕೆಗಳನ್ನು ಸೇರಿಸಿ

ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ, ಒರೆಗಾನ್ ವಿಶ್ವವಿದ್ಯಾಲಯದ ಹಳೆಯ ಪತ್ರಿಕೆಗಳ ಸಂಗ್ರಹ, ಕ್ಯಾಲಿಫೋರ್ನಿಯಾದ ಡಿಜಿಟಲ್ ಪತ್ರಿಕಾ ಸಂಗ್ರಹ, ಮೂರೂ ಉಚಿತ. ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪು ಸಾಮಾನ್ಯ: ‘ಥಿಂದ್’ ಇಂಗ್ಲಿಷಿನಲ್ಲಿ ‘ಥರ್ಡ್’ ಆಗಿ ದಾಖಲಾಗಿರಬಹುದು. ಆದ್ದರಿಂದ ಹೆಸರಿನ ಜೊತೆ ನ್ಯಾಯಾಧೀಶರ ಹೆಸರು, ಊರು, ‘ಹಿಂದೂ’ ಎಂಬ ಪದ ಹಾಕಿಯೂ ಹುಡುಕಿ. ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್‌ನಲ್ಲಿ ಕುಟುಂಬಗಳು ಕೊಟ್ಟ ಪತ್ರಗಳು, ಫೋಟೊಗಳು ಇವೆ.

ಹಂತ 8: ತೀರ್ಪು ಮುಂದೇನು ಮಾಡಿತು?

ನಂತರದ ಯಾವ ಯಾವ ತೀರ್ಪುಗಳು ಇದನ್ನು ಉಲ್ಲೇಖಿಸಿವೆ ಎಂದು ಪಟ್ಟಿ ಮಾಡುವ ಸಾಧನಕ್ಕೆ ‘ಸೈಟೇಟರ್’ ಎನ್ನುತ್ತಾರೆ. ಕೋರ್ಟ್‌ಲಿಸನರ್‌ನಲ್ಲಿ, ಗೂಗಲ್ ಸ್ಕಾಲರ್‌ನಲ್ಲಿ ಈ ಸೌಲಭ್ಯ ಉಚಿತ. ಪಟ್ಟಿ ತೆಗೆದಾಗ ಸಿಗುವ ಮುಖ್ಯ ತೀರ್ಪು 15 ಎಫ್.2ಡಿ 285 (ಎಫ್.2ಡಿ ಎಂದರೆ ಫೆಡರಲ್ ರಿಪೋರ್ಟರ್‌ನ ಎರಡನೇ ಸರಣಿ), 1926ರದು. ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗಿದ್ದ ಸಖಾರಾಮ್ ಗಣೇಶ್ ಪಂಡಿತ್ ಅವರ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳಲು ನೋಡಿತು. ಒಮ್ಮೆ ನ್ಯಾಯಾಲಯ ತೀರ್ಮಾನಿಸಿದ್ದನ್ನು ಮತ್ತೆ ಕೆದಕುವಂತಿಲ್ಲ ಎಂಬ ತತ್ವದ ಮೇಲೆ ಅವರು ಗೆದ್ದರು. ಥಿಂದ್ ತೀರ್ಪನ್ನು ಅಲ್ಲಗಳೆಯದೆಯೇ ಅದರ ಹೊಡೆತದಿಂದ ಪಾರಾದ ದಾರಿ ಅದು.

ಆದರೆ ನ್ಯಾಯಾಲಯಗಳೊಳಗೇ ಸುತ್ತಿದರೆ ಸಾಲದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ವಿಲರ್ಡ್ ಹರ್ಸ್ಟ್ ತಮ್ಮ ರಾಜ್ಯದ ಮರದ ಉದ್ಯಮವನ್ನು ಹಿಡಿದು, ಕಾನೂನು ಶಾಸನಸಭೆ, ಕಚೇರಿ, ಕರಾರು, ಮಾರುಕಟ್ಟೆಗಳಲ್ಲಿ ಹೇಗೆ ಕೆಲಸ ಮಾಡಿತೆಂದು ತೋರಿಸಿದವರು. ಅಮೆರಿಕದ ಕಾನೂನು ಇತಿಹಾಸಕಾರರು ಕೋರ್ಟಿನ ಹೊಸಿಲು ದಾಟಿದ್ದರಲ್ಲಿ ಅವರ ಪಾಲು ದೊಡ್ಡದು. ಇಲ್ಲೂ ಅದೇ ಕ್ರಮ ಅನುಸರಿಸಿ. ಕ್ಯಾಲಿಫೋರ್ನಿಯಾದ 1913 ಮತ್ತು 1920ರ ಭೂ ಕಾನೂನುಗಳು ‘ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು’ ಕೃಷಿಭೂಮಿ ಹೊಂದುವುದನ್ನು ತಡೆದಿದ್ದವು. ಆ ಕಾನೂನಿನಲ್ಲಿ ಭಾರತೀಯರ ಹೆಸರಿಲ್ಲ. ಥಿಂದ್ ತೀರ್ಪು ಬಂದ ಕೂಡಲೇ ಭಾರತೀಯ ರೈತರು ಆ ವ್ಯಾಖ್ಯೆಯೊಳಗೆ ಬಿದ್ದರು; ಪೌರತ್ವದ ತೀರ್ಪು ಜಮೀನಿನ ತೀರ್ಪೂ ಆಯಿತು. 1922ರ ಕೇಬಲ್ ಕಾಯ್ದೆಯಡಿ ಅಂಥ ವಿದೇಶಿಯನನ್ನು ಮದುವೆಯಾದ ಅಮೆರಿಕನ್ ಹೆಣ್ಣಿನ ಪೌರತ್ವವೂ ಹೋಗುತ್ತಿತ್ತು. 1921ರಲ್ಲಿ ಪೌರತ್ವ ಪಡೆದಿದ್ದ ವೈಷ್ಣೋ ದಾಸ್ ಬಗಾಯಿ ಅದನ್ನು ಕಳೆದುಕೊಂಡು 1928ರಲ್ಲಿ ಪ್ರಾಣ ತೆಗೆದುಕೊಂಡರು. ಅವರು ಬರೆದಿಟ್ಟ ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ತೀರ್ಪಿನ ಪುಟಗಳಲ್ಲಿ ಇದಾವುದೂ ಸಿಗದು.

ತೀರ್ಪಿನ ಕೊನೆ ಯಾವಾಗ ಎಂಬುದನ್ನೂ ನಿಖರವಾಗಿ ಬರೆಯಿರಿ. ಮುಂದಿನ ನ್ಯಾಯಾಲಯವೊಂದು ಅದನ್ನು ತಳ್ಳಿಹಾಕಿತು ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಅದನ್ನು ನಿಷ್ಪ್ರಯೋಜಕ ಮಾಡಿದ್ದು ಶಾಸನ. 1935ರಲ್ಲಿ ಮೊದಲ ಮಹಾಯುದ್ಧದ ಯೋಧರಿಗೆ ಜನಾಂಗದ ತಡೆ ಸಡಿಲಿಸಿದ ಕಾಯ್ದೆ ಬಂತು, ಥಿಂದ್ ಅದರಡಿ ಮರುವರ್ಷ ಪೌರರಾದರು. 1946ರ ಜುಲೈ 2ರ ಲೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಜನಾಂಗದ ನಿಬಂಧನೆ ಪೂರ್ತಿ ಹೋದದ್ದು 1952ರಲ್ಲಿ.

ಹಂತ 9: ಕನ್ನಡದಲ್ಲಿ ಬರೆಯುವಾಗ

ಆ ಕಾಲದ ಅಮೆರಿಕನ್ ದಾಖಲೆಗಳಲ್ಲಿ ‘ಹಿಂದೂ’ ಎಂದರೆ ಧರ್ಮವಲ್ಲ, ಹಿಂದುಸ್ತಾನದವನು ಎಂದರ್ಥ. ಥಿಂದ್ ಸಿಖ್ಖರು. ಉದ್ಧರಣೆಯಲ್ಲಿ ‘ಹಿಂದೂ’ ಎಂದೇ ಉಳಿಸಿ, ನಿಮ್ಮ ಮಾತಿನಲ್ಲಿ ‘ಭಾರತೀಯ’ ಎನ್ನಿ. ‘ಕಕೇಷಿಯನ್’, ‘ಆರ್ಯ’ ಎಂಬವು ಆ ಕಾಲದ ಜನಾಂಗಶಾಸ್ತ್ರದ ಪದಗಳು. ನಿಮ್ಮ ವಿವರಣೆಯಲ್ಲಿ ಅವನ್ನು ಉದ್ಧರಣ ಚಿಹ್ನೆಯಿಲ್ಲದೆ ಬಳಸಿದರೆ ನೀವೂ ಆ ಶಾಸ್ತ್ರವನ್ನು ನಂಬಿದ ಹಾಗಾಗುತ್ತದೆ.

ಪ್ರತಿ ಟಿಪ್ಪಣಿಯ ಪಕ್ಕದಲ್ಲಿ ಮೂರು ಗುರುತು ಹಾಕುವ ಅಭ್ಯಾಸವಿರಲಿ: ಸಂಪುಟ ಮತ್ತು ಪುಟ, ಮಾತು ಯಾರದು (ನ್ಯಾಯಮೂರ್ತಿ, ವಕೀಲ, ವರದಿಗಾರ, ಪತ್ರಿಕೆ), ನೀವು ನೋಡಿದ್ದು ಸ್ಕ್ಯಾನ್ ಪುಟವೋ ಟೈಪ್ ಮಾಡಿದ ಪಠ್ಯವೋ. ಟೈಪ್ ಮಾಡಿದ ಪಠ್ಯದಿಂದ ಎತ್ತಿಕೊಂಡ ಉದ್ಧರಣೆಗಳನ್ನು ಪ್ರಬಂಧ ಒಪ್ಪಿಸುವ ಮುನ್ನ ಒಂದು ದಿನ ಕೂತು ಸ್ಕ್ಯಾನ್ ಪುಟದೊಂದಿಗೆ ಅಕ್ಷರಕ್ಕಕ್ಷರ ತಾಳೆ ನೋಡಿ.